ದಿನಕ್ಕೆ ಒಂಬತ್ತೂವರೆ ಗಂಟೆ ಉಳಿತಾಯ

ನೀರು ಸರಬರಾಜು ಕಚೇರಿಯ ದಾಖಲೆ ವಿಭಾಗದಲ್ಲಿದ್ದ ಆ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಹಾಜರಿ ಪುಸ್ತಕದಿಂದ ಹೊರಗೆ ಬರದೆ ಏಳು ವರ್ಷವಾಗಿತ್ತು. ಮಿಕ್ಕ ಎಲ್ಲರ ಬಾಯಲ್ಲೂ ಅವರು ಕಂಟ್ರೋಲಪ್ಪ.

ಏಳು ವರ್ಷದ ಕೆಳಗೆ ಕಚೇರಿಯವರು ಎರಡು ದಿನದ ಕಂಪ್ಯೂಟರ್ ತರಬೇತಿಗೆ ಅವರನ್ನು ಕಳಿಸಿದ್ದರು. ಮೊದಲ ದಿನ ಹಲ್ಲುನೋವೆಂದು ಅವರು ಹೋಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ನಡುವೆ ಸಿಕ್ಕಿದ ಅರ್ಧ ದಿನದಲ್ಲಿ ಅವರು ಏನೇನು ಕಲಿತರೋ ಅದನ್ನೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು ಬಂದರು. ಅಂದಿನಿಂದ ಅವರ ಮಾತೆಲ್ಲ 'ಕಂಟ್ರೋಲ್ ಒತ್ತಿ ಹಿಡ್ಕೊಳ್ಳಿ' ಎಂದೇ ಶುರುವಾಗತೊಡಗಿತು. ಕಿಟಕಿಯ ಚಿಲಕ ಕೂರುತ್ತಿಲ್ಲ ಎಂದು ಜವಾನ ಬಂದು ಹೇಳಿದಾಗಲೂ ಬಾಯಿ ತಪ್ಪಿ ಅದನ್ನೇ ಅಂದಿದ್ದರಂತೆ. ಜವಾನ ಅದನ್ನು ಮೂರು ಮಹಡಿಗೂ ಹಂಚಿದ. ಹೆಸರು ಅಂಟಿಕೊಂಡಿತು.

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಾಡಿದ ತಪ್ಪನ್ನು ವಾಪಸ್ ತೆಗೆದುಕೊಳ್ಳುವ ಕಂಟ್ರೋಲ್ ಝೆಡ್. ಎಡಗೈಯ ಕಿರುಬೆರಳು, ತೋರುಬೆರಳು ಎರಡನ್ನೂ ಒಟ್ಟಿಗೆ ಒತ್ತಿದರೆ ಸಾಕು, ತಪ್ಪು ಆಗಿಯೇ ಇರಲಿಲ್ಲ ಎನ್ನುವ ಹಾಗೆ ಮಾಯ. ಮನೆಯಲ್ಲಿ ಲೋಟ ಬಿದ್ದು ಒಡೆದರೂ ಅಡುಗೆಗೆ ಉಪ್ಪು ಹೆಚ್ಚಾದರೂ ಅವರ ಆ ಎರಡು ಬೆರಳು ತಾವಾಗಿ ಮೇಜಿನ ಮೇಲೆ ಒತ್ತಿಕೊಳ್ಳುತ್ತಿದ್ದವು.

"ಇದು ಮನೇಲೂ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎನ್ನುತ್ತಿದ್ದರು.

"ಇದ್ದಿದ್ರೆ ನಿಮ್ಮ ಕೈಗೆ ಸಿಗೋಕೆ ಬಿಡ್ತಿದ್ನಾ? ನಮ್ಮ ಮದುವೆ ದಿನದವರೆಗೂ ನಾನೇ ಒತ್ತಿ ಹಿಂದಕ್ಕೆ ಹೋಗ್ತಿದ್ದೆ" ಎನ್ನುತ್ತಿದ್ದಳು ಹೆಂಡತಿ.

ಆದರೆ ಹೆಂಡತಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಕಂಟ್ರೋಲಪ್ಪನವರ ಕಂಪ್ಯೂಟರಿನ ಪರದೆಯ ತುಂಬ ಅವಳದೇ ಫೋಟೋ ಇತ್ತು. ಸ್ಟುಡಿಯೋದಲ್ಲಿ ತೆಗೆಸಿದ್ದು, ಕತ್ತು ಕೊಂಚ ಓರೆ ಮಾಡಿ, ನಗಲೋ ಬೇಡವೋ ಎನ್ನುವ ಹಾಗೆ ಕೂತಿದ್ದು. ಹಾಕಿದ ದಿನ ಪೂರ್ತಿ ಮುಖ ಕಾಣುತ್ತಿತ್ತು. ಆಮೇಲೆ ಕಂಟ್ರೋಲಪ್ಪನವರು ಊರಿನ ನಲ್ಲಿ ನಕ್ಷೆಗಳನ್ನೆಲ್ಲ, ಅಂದರೆ ಯಾವ ಬೀದಿಯ ಯಾವ ಮನೆಗೆ ಕೊಳವೆ ಎಲ್ಲಿಂದ ತಿರುಗಿದೆ ಎನ್ನುವ ಚಿತ್ರಗಳನ್ನು, ಒಂದೊಂದಾಗಿ ಅದರ ಮೇಲೆ ಇಡುತ್ತ ಹೋದರು. ಒಳಗೆ ಎಲ್ಲೋ ಇಟ್ಟರೆ ಕಳೆದುಹೋಗುತ್ತದೆ, ಕಣ್ಣೆದುರಿಗೇ ಇರಲಿ ಎಂದು. ಏಳು ವರ್ಷದಲ್ಲಿ ನೂರ ಎಂಬತ್ತು ಕಡತಗಳು ಸೇರಿ ಹೆಂಡತಿಯ ಮುಖದಲ್ಲಿ ಬಲಗಿವಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿಹೋಯಿತು.

ಆ ಕಡತಗಳ ಹೆಸರುಗಳನ್ನಾದರೂ ನೋಡಬೇಕಿತ್ತು. 'ಹೊಸದು', 'ಹೊಸದು 2', 'ಅಂತಿಮ', 'ಅಂತಿಮ ಆದಮೇಲಿನದು', 'ಇದೇ ಸರಿ', 'ಇದೇ ಸರಿ 14'. ಬೇರೆ ಯಾರೇ ನೋಡಿದರೂ ತಲೆಬುಡ ತಿಳಿಯುವ ಹಾಗಿರಲಿಲ್ಲ. ಆದರೆ ಸಾರ್ವಜನಿಕರು ಬಂದು "ಹಳೇ ಮಾರುಕಟ್ಟೆ ಹಿಂದಿನ ಮೂರನೇ ಅಡ್ಡರಸ್ತೆ" ಎಂದರೆ, ಕಂಟ್ರೋಲಪ್ಪನವರು "ಎಡಗೆನ್ನೆ" ಎಂದು ತಮ್ಮಲ್ಲೇ ಗೊಣಗಿ ಒಂದು ಜಾಗ ಒತ್ತುತ್ತಿದ್ದರು. ಅದೇ ನಕ್ಷೆ. ಪೂರ್ವ ಬಡಾವಣೆ ಅಷ್ಟೂ ಹಣೆಯ ಮೇಲೆ. ಆಸ್ಪತ್ರೆ ರಸ್ತೆ ಮೂಗಿನ ಉದ್ದಕ್ಕೆ. ಅವರ ಸ್ವಂತ ಮನೆಯಿದ್ದ ಬೀದಿ ಗಲ್ಲದ ಮೇಲೆ. ಏಳು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

"ಫೈಲಿಗೆ ಒಂದು ಹೆಸರಿಟ್ರೆ ಏನ್ ಹೋಗುತ್ತೆ ಸಾರ್?" ಎಂದು ಪಕ್ಕದ ಮೇಜಿನ ಟೈಪಿಸ್ಟ್ ಒಮ್ಮೆ ಕೇಳಿದ್ದಳು.

"ಮುಖ ಗೊತ್ತಿರುವಾಗ ಹೆಸರು ಯಾಕಮ್ಮಾ?" ಎಂದಿದ್ದರು ಕಂಟ್ರೋಲಪ್ಪ.

ಹೀಗೆ ನೆಮ್ಮದಿಯಾಗಿರುವಾಗ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಜೊತೆಗೆ ಒಂದು ಫಾರಂ. 'ದಿನನಿತ್ಯದ ಕೆಲಸದಲ್ಲಿ ನಿಮಗೆ ಅಚ್ಚುಮೆಚ್ಚಿನ ಕಂಪ್ಯೂಟರ್ ಸೌಲಭ್ಯಗಳು ಯಾವುವು? ಪ್ರತಿಯೊಂದರಿಂದ ದಿನಕ್ಕೆ ಎಷ್ಟು ಸಮಯ ಉಳಿಯುತ್ತದೆ?' ಎಂದು ಎರಡೇ ಪ್ರಶ್ನೆ. ಕೆಳಗೆ ಸಹಿ.

ಟೈಪಿಸ್ಟ್ ಅದನ್ನು ನಿಂತಲ್ಲೇ ತುಂಬಿದಳು. 'ಅಚ್ಚುಮೆಚ್ಚಿನದು ಯಾವುದೂ ಇಲ್ಲ. ಕಂಪ್ಯೂಟರ್ ಬಂದಮೇಲೆ ಕೆಲಸ ಎರಡರಷ್ಟಾಗಿದೆ. ಕಣ್ಣು ಉರಿಯುತ್ತದೆ.' ಸಹಿ ಹಾಕಿ, ಚಹಾ ಕುಡಿಯಲು ಹೋದಳು.

ಕಂಟ್ರೋಲಪ್ಪನವರು ಹಾಗೆ ತುಂಬುವ ಆಸಾಮಿಯಲ್ಲ. ದಾಖಲೆ ವಿಭಾಗದ ಸೂಪರಿಂಟೆಂಡೆಂಟ್ ಕುರ್ಚಿ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಅವರ ಸೇವೆ ಇನ್ನು ಮೂರೇ ವರ್ಷ ಬಾಕಿ. ಆ ಕುರ್ಚಿಗೆ ಎರಡು ಕಡೆ ಕೈಯಿತ್ತು, ಅವರು ಮೂವತ್ತು ವರ್ಷದಿಂದ ಕೂತಿದ್ದ ಕುರ್ಚಿಗೆ ಇರಲಿಲ್ಲ. ಬಂದ ಫಾರಂ ಆ ಕೈಗಳ ಕಡೆಯಿಂದಲೇ ಬಂದಿದೆ ಎಂದು ಅವರಿಗೆ ಯಾಕೋ ಅನ್ನಿಸಿತು. ಅದನ್ನು ಮನೆಗೆ ಒಯ್ದರು.

ಮನೆಯಲ್ಲಿ ಭಾವಮೈದ ಕೂತಿದ್ದ. ಹೆಂಡತಿಯ ತಮ್ಮ, ಯಾವುದೋ ಕಂಪನಿಯಲ್ಲಿ ಕೆಲಸ. ಅವನಿಗೆ ಗೊತ್ತಿಲ್ಲದ ವಿಷಯ ಈ ಜಗತ್ತಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಭಾವ, ಇದು ಸುಮ್ನೆ ಫಾರಂ ಅಲ್ಲ! ನಮ್ಮ ಕಂಪನಿಲೂ ಹೋದ್ವರ್ಷ ಇಂಥದ್ದೇ ಕೊಟ್ಟಿದ್ರು. ಯಾರು ಜಾಸ್ತಿ ಬರೀತಾರೋ ಅವರನ್ನ ಆರಿಸ್ತಾರೆ."

"ಆರಿಸಿ?"

"ಆರಿಸಿ ಅಂದ್ರೆ ಏನ್ ಭಾವ, ಮೇಲಕ್ಕೆ ಕಳಿಸ್ತಾರೆ! ನಮ್ಮಲ್ಲಿ ಬರೆದ ಹನ್ನೊಂದು ಜನರಲ್ಲಿ ಒಬ್ಬರೂ ಈಗ ನಮ್ಮ ಮಹಡಿಲಿಲ್ಲ, ಗೊತ್ತಾ?"

ಇಷ್ಟು ಸಾಕಾಯಿತು. ಹೆಂಡತಿ ಊಟದ ಮೇಜು ಒರೆಸಿ ಕೊಟ್ಟಳು. ಮೂವರೂ ಕೂತು ಬರೆದರು.

ಕಡತ ಹುಡುಕುವ ಸೌಲಭ್ಯಕ್ಕೆ ಮೊದಲ ಸ್ಥಾನ, ದಿನಕ್ಕೆ ಮೂರು ಗಂಟೆ ಉಳಿತಾಯ. ಕಂಟ್ರೋಲಪ್ಪನವರು ಅದನ್ನು ಹುಟ್ಟಿದಂದಿನಿಂದ ಒಮ್ಮೆಯೂ ಒತ್ತಿದವರಲ್ಲ. ಆದರೆ ಹೆಂಡತಿಯ ಮುಖ ನೋಡಿ ಹುಡುಕುತ್ತೇನೆ ಎಂದು ಸರ್ಕಾರಿ ಫಾರಂನಲ್ಲಿ ಬರೆಯುವುದು ಹೇಗೆ? ಒಂದು ಕಡೆಯದನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸುವುದಕ್ಕೆ ಎರಡೂವರೆ ಗಂಟೆ. ಕಂಟ್ರೋಲ್ ಝೆಡ್‌ಗೆ ಒಂದೂವರೆ. ಎಸೆದದ್ದನ್ನು ವಾಪಸ್ ಕೊಡುವ ಕಸದ ಬುಟ್ಟಿಗೆ ಒಂದು, ಬಗ್ಗಿ ಕೆದಕುವುದು ತಪ್ಪಿತಲ್ಲ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರುವುದಕ್ಕೆ ಒಂದು. ಪರದೆಯ ಮೂಲೆಯ ಗಡಿಯಾರಕ್ಕೆ ಅರ್ಧ ಗಂಟೆ.

"ಗಡಿಯಾರಕ್ಕೆ ಅರ್ಧ ಗಂಟೆನಾ?" ಹೆಂಡತಿಗೆ ಅನುಮಾನ.

"ಗೋಡೆ ಗಡಿಯಾರ ನನ್ನ ಬೆನ್ನ ಹಿಂದಿದೆ ಕಣೇ. ಎಷ್ಟು ಸಲ ತಿರುಗ್ತೀನಿ ಅಂತ ನಿನಗೇನು ಗೊತ್ತು?"

ಒಟ್ಟು ಎಷ್ಟಾಯಿತೆಂದು ಮೂವರಲ್ಲಿ ಯಾರೂ ಕೂಡಿಸಿ ನೋಡಲಿಲ್ಲ. ಕೂಡಿಸುವವರು ಬೇರೆ ಕಡೆ ಇದ್ದರು.

ಮರುದಿನ ಬೆಳಿಗ್ಗೆ ಒಂಬತ್ತರ ಒಳಗೆ ಸುದ್ದಿ ಬೀದಿ ದಾಟಿತು. ಎದುರುಮನೆಯ ದರ್ಜಿ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ತಾನಾಗಿಯೇ ಬಂದ. "ಸೂಪರಿಂಟೆಂಡೆಂಟ್ ಆಗೋರು ಈ ಶರ್ಟ್ ಹಾಕ್ಕೊಂಡ್ ಹೋಗೋದಾ? ಎರಡು ಪೆನ್ನು ಹಿಡಿಯೋ ಜೇಬು ಇಟ್ಟು ಹೊಲಿದುಕೊಡ್ತೀನಿ. ಕೆಂಪು ಒಂದು, ನೀಲಿ ಒಂದು" ಎಂದ. ಮೂರನೆಯ ದಿನಕ್ಕೆ ಬೀದಿಯ ಹೆಂಗಸರು ಹೆಂಡತಿಯನ್ನು 'ಸೂಪರಿಂಟೆಂಡೆಂಟ್ ಮನೆಯವರು' ಎನ್ನತೊಡಗಿದರು. ಅವಳು ಬೇಡ ಬೇಡ ಎನ್ನುತ್ತ, ಅವರು ಇನ್ನೊಮ್ಮೆ ಅನ್ನುವುದಕ್ಕೆ ಬೇಕಾದಷ್ಟು ಹೊತ್ತು ಬಾಗಿಲಲ್ಲೇ ನಿಲ್ಲುತ್ತಿದ್ದಳು.

ಎರಡು ವಾರಕ್ಕೆ ಮುಖ್ಯ ಕಚೇರಿಯಿಂದ ಕಾಗದ ಬಂತು. ಪರಿಶೀಲನೆಗೆ ಇಬ್ಬರು ಬರುತ್ತಾರೆ, ಕಂಟ್ರೋಲಪ್ಪನವರು ತಮ್ಮ ಸೌಲಭ್ಯಗಳನ್ನು ಅವರೆದುರು ಮಾಡಿ ತೋರಿಸಬೇಕು ಎಂದು. ಭಾವಮೈದ ತೊಡೆ ತಟ್ಟಿದ. "ನೋಡಿದ್ರಾ! ಸಂದರ್ಶನ!"

ಇಲ್ಲಿ ಕಂಟ್ರೋಲಪ್ಪನವರು ಜೀವಮಾನದಲ್ಲೇ ಮೊದಲ ಬಾರಿಗೆ ಮುಂದಾಲೋಚನೆ ಮಾಡಿದರು. ಅದೇ ಅವರಿಗೆ ಮುಳುವಾಯಿತು. ವಾರವಿಡೀ ಕೂತು ಹತ್ತು ಕಡತಗಳಿಗೆ ಮಾತ್ರ ಚೆಂದದ ಹೆಸರಿಟ್ಟರು. ಆ ಹತ್ತನ್ನೇ ಹುಡುಕಿ, ತೆರೆದು, ನಕಲಿಸಿ, ಅಂಟಿಸಿ, ದಿನಕ್ಕೆ ನಲವತ್ತು ಸಲ ಅಭ್ಯಾಸ ಮಾಡಿದರು. ನಕ್ಷೆ ಕೇಳಿ ಬಂದ ಸಾರ್ವಜನಿಕರನ್ನು ನಾಳೆ ಬನ್ನಿ ಎಂದು ಕಳಿಸಿದರು.

ಪರಿಶೀಲನೆಯ ದಿನ ಹೊಸ ಶರ್ಟು, ಎರಡು ಪೆನ್ನು. ಬಂದವರಲ್ಲಿ ಒಬ್ಬ ದಪ್ಪ ಕನ್ನಡಕದ ಅಧಿಕಾರಿ, ಇನ್ನೊಬ್ಬಳು ಸ್ಟಾಪ್‌ವಾಚ್ ಹಿಡಿದ ಅಧಿಕಾರಿಣಿ. ಅವರು ಟೈಪಿಸ್ಟ್‌ಗೆ ಮೊದಲು ಒಂದು ನಕ್ಷೆ ಹುಡುಕಲು ಹೇಳಿದರು.

"ಕೂತ್ಕೊಳಿ ಮೇಡಂ, ಇದು ಇನ್ನೂ ಎದ್ದಿಲ್ಲ" ಎಂದು ಅವಳು ಕಂಪ್ಯೂಟರ್ ಕಡೆ ತೋರಿಸಿದಳು. ಅದು ಏಳಲು ಇಪ್ಪತ್ತು ನಿಮಿಷ ಆಯಿತು. ಮುದ್ರಣ ಯಂತ್ರ ಕಾಗದ ನುಂಗಿತು. ಕನ್ನಡಕದವರು ಕಾಗದದ ಒಂದು ತುದಿ ಹಿಡಿದು ಎಳೆಯಬೇಕಾಯಿತು. ಒಂದು ನಕ್ಷೆಗೆ ಎರಡು ಗಂಟೆ. "ದಿನಾ ಇದೇ ಪಾಡು ಮೇಡಂ" ಎಂದು ಅವಳು ಕಣ್ಣೊರೆಸಿಕೊಂಡಳು.

ಆಮೇಲೆ ಕಂಟ್ರೋಲಪ್ಪನವರ ಸರದಿ. "ಯಾವುದಾದರೂ ಹತ್ತು ಕಡತ..." ಎಂದು ಅಧಿಕಾರಿಣಿ ಶುರುಮಾಡುವಷ್ಟರಲ್ಲಿ ಇವರು ಹತ್ತು ಹೆಸರಿನ ಪಟ್ಟಿಯನ್ನು ತಾವೇ ಕೈಗಿಟ್ಟರು. ಯೋಚಿಸುವ ಕಷ್ಟ ತಪ್ಪಿತೆಂದು ಅವಳಿಗೂ ಖುಷಿ. ಗುಂಡಿ ಒತ್ತಿದಳು. ಕಂಟ್ರೋಲಪ್ಪನವರ ಬೆರಳು ಕಣ್ಣಿಗೆ ಕಾಣಲಿಲ್ಲ. ಟಕಟಕ, ಟಕಟಕ. ಹತ್ತು ನಕ್ಷೆ, ಹತ್ತು ಪ್ರತಿ, ಹತ್ತು ಪತ್ರ. ಹನ್ನೊಂದು ನಿಮಿಷ.

"ಇದು ಎಷ್ಟು ದಿನದ ಕೆಲಸ?" ಕನ್ನಡಕದವರು ಕೇಳಿದರು.

"ಹಿಂದೆಲ್ಲ ಎರಡು ದಿನ ಬೇಕಿತ್ತು ಸಾರ್. ಈಗ ಕೂತ್ಕೊಂಡು ಏಳೋಷ್ಟರಲ್ಲಿ ಆಗೋಗುತ್ತೆ!"

ಕನ್ನಡಕದವರು ಅದನ್ನು ಅಕ್ಷರ ಬಿಡದೆ ಬರೆದುಕೊಂಡರು.

ಬಾಗಿಲಲ್ಲಿ ಹೆಂಡತಿ ಮತ್ತು ಭಾವಮೈದ ಬಂದು ನಿಂತಿದ್ದರು, ಫೋಟೋ ತೆಗೆಯುವುದಕ್ಕೆಂದು. ಅಧಿಕಾರಿಗಳು ಆಚೆ ಹೋದದ್ದೇ ತಡ ಹೆಂಡತಿ ಒಳಗೆ ಬಂದು ಪರದೆಯ ಮೇಲೆ ಬಗ್ಗಿದಳು.

"ಈ ಓಲೆ ನನ್ನದಲ್ವಾ?"

ಕಂಟ್ರೋಲಪ್ಪನವರು ಹೆಮ್ಮೆಯಿಂದ ತಲೆಯಾಡಿಸಿದರು. "ಪೂರ್ತಿ ನೀನೇ ಕಣೇ. ಏಳು ವರ್ಷದಿಂದ."

"ಉಳಿದಿದ್ದು ಎಲ್ಲಿ?"

"ಕೆಳಗಿದೆ. ಇದು ಪೂರ್ವ ಬಡಾವಣೆ, ಇದು ಆಸ್ಪತ್ರೆ ರಸ್ತೆ..."

"ನನ್ನ ಮುಖದ ಮೇಲೆ ಊರೋರ ನಲ್ಲಿ ತಂದು ಕೂರಿಸಿದ್ದೀರಾ!" ಎಂದು ಅವಳು ಕೂಗಿದ ಕೂಗಿಗೆ ಅಕೌಂಟ್ಸ್ ವಿಭಾಗದವರು ಎದ್ದು ನಿಂತರು. ಅವಳು ತಮ್ಮನ ಕೈ ಹಿಡಿದುಕೊಂಡು ಹೊರಟೇಹೋದಳು. ಫೋಟೋ ತೆಗೆಯಲಿಲ್ಲ.

ಆದೇಶ ಹದಿನೈದು ದಿನಕ್ಕೆ ಬಂತು. ಸಾಹೇಬರು, ಅಂದರೆ ಕಚೇರಿಯ ಮುಖ್ಯಸ್ಥರು, ಕಂಟ್ರೋಲಪ್ಪನವರನ್ನು ಒಳಗೆ ಕರೆದು ಕೂರಿಸಿದರು. ಕೂರಿಸಿದ್ದೇ ಕೆಟ್ಟ ಲಕ್ಷಣ. ಮೂವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವರಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ.

"ನೀವು ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡ್ತೀರಿ?"

"ಎಂಟು ಗಂಟೆ ಸಾರ್."

"ನಿಮ್ಮ ಫಾರಂ ಪ್ರಕಾರ ಕಂಪ್ಯೂಟರ್ ದಿನಕ್ಕೆ ಒಂಬತ್ತೂವರೆ ಗಂಟೆ ಉಳಿಸ್ತಿದೆ. ಅಂದ್ರೆ ನೀವು ಬರೋಕ್ಕಿಂತ ಒಂದೂವರೆ ಗಂಟೆ ಮೊದಲೇ ನಿಮ್ಮ ಕೆಲಸ ಮುಗಿದಿರುತ್ತೆ. ಮೇಲಿನವರು ಕೇಳ್ತಾರೆ, ಈ ಮನುಷ್ಯ ದಿನಾ ಬಂದು ಏನು ಮಾಡ್ತಾನೆ ಅಂತ. ನಾನೇನ್ ಹೇಳ್ಲಿ?"

ಹೆಚ್ಚುವರಿ ಸಿಬ್ಬಂದಿ ಎಂದು ಗುರುತಿಸಲಾಗಿದೆ, ತಿಂಗಳ ಕೊನೆಗೆ ಕಡ್ಡಾಯ ನಿವೃತ್ತಿ. ಕಾಗದದಲ್ಲಿ ಅಷ್ಟೇ ಇತ್ತು. ಕಂಟ್ರೋಲಪ್ಪನವರು ಅದನ್ನು ಎರಡು ಸಲ ಓದಿದರು. ಸೂಪರಿಂಟೆಂಡೆಂಟ್ ಎನ್ನುವ ಪದ ಎಲ್ಲಾದರೂ ಇದೆಯೇ ಎಂದು ಹಿಂಭಾಗವನ್ನೂ ತಿರುಗಿಸಿ ನೋಡಿದರು.

"ಸಾರ್, ಆ ಹುಡುಕೋ ಸೌಲಭ್ಯ... ಅದನ್ನ ನಾನು ಉಪಯೋಗಿಸೋದೇ ಇಲ್ಲ ಸಾರ್. ಸುಮ್ನೆ ಬರೆದೆ."

"ಮತ್ತೆ ಏಳು ವರ್ಷ ನಕ್ಷೆ ಹೇಗೆ ಹುಡುಕಿದ್ರಿ?"

ಸುಳ್ಳು ಹೇಳಿ ಕೆಟ್ಟಾಯಿತು, ಇನ್ನಾದರೂ ನಿಜ ಹೇಳೋಣ ಎಂದು ಕಂಟ್ರೋಲಪ್ಪ ತೀರ್ಮಾನಿಸಿದರು. "ಹೆಂಡ್ತಿ ಮುಖ ನೋಡಿ ಸಾರ್."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ನಂತರ ಕಡತದ ಅಂಚಿನಲ್ಲಿ 'ಆರೋಗ್ಯವೂ ಅಷ್ಟು ಸರಿಯಿದ್ದಂತಿಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದರು.

"ಆ ಫಾರಂ ಒಂದು ವಾಪಸ್ ತಗೊಳ್ಳೋಕೆ ಆಗಲ್ವಾ ಸಾರ್?"

"ವಾಪಸ್ ತಗೊಳ್ಳೋದು ನಿಮ್ಮ ಅಚ್ಚುಮೆಚ್ಚಿನ ಸೌಲಭ್ಯ ಕಣ್ರೀ, ನಮ್ಮದಲ್ಲ" ಎಂದರು ಸಾಹೇಬರು. ಅವರು ಕೆಟ್ಟವರಲ್ಲ. ಒಳ್ಳೆಯ ಮಾತು ಹೊಳೆದಾಗ ಬಿಡಲಾರದವರು, ಅಷ್ಟೇ.

ಟೈಪಿಸ್ಟ್‌ಗೆ ಕೆಲಸದ ಹೊರೆ ವಿಪರೀತವೆಂದು ಇಬ್ಬರು ಸಹಾಯಕರನ್ನು ಮಂಜೂರು ಮಾಡಿದ್ದರು. ಇಬ್ಬರನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕಲ್ಲ, ಹಾಗಾಗಿ ಎರಡು ಕಡೆ ಕೈಯಿದ್ದ ಕುರ್ಚಿಯೂ ಅವಳಿಗೇ ಹೋಯಿತು. ಕೊನೆಯ ದಿನ ಅವಳು ಕಂಟ್ರೋಲಪ್ಪನವರ ಚೀಲವನ್ನು ಮೆಟ್ಟಿಲವರೆಗೆ ಹಿಡಿದುಕೊಂಡು ಬಂದಳು.

"ನಾನೂ ಸುಳ್ಳೇ ಬರೆದೆ ಸಾರ್, ನೀವೂ ಸುಳ್ಳೇ ಬರೆದ್ರಿ. ನನ್ನ ಸುಳ್ಳಲ್ಲಿ ಕೆಲಸ ಇತ್ತು. ನಿಮ್ಮದರಲ್ಲಿ ಇರಲಿಲ್ಲ."

ಅವಳ ಕಣ್ಣಲ್ಲಿ ಈ ಸಲ ನಿಜವಾಗಿಯೂ ನೀರಿತ್ತು. ಕಂಟ್ರೋಲಪ್ಪನವರಿಗೆ ಸಿಟ್ಟು ಮಾಡಲೂ ಆಗಲಿಲ್ಲ.

ಬೀದಿ ತನ್ನ ಕೆಲಸ ತಾನು ಮಾಡಿತು. ದರ್ಜಿ ಎರಡು ದಿನ ಎದುರಿಗೆ ಬೀಳಲಿಲ್ಲ. ಮೂರನೆಯ ದಿನ ಬಂದು, ಬೇಕಾದರೆ ಜೇಬು ಬಿಚ್ಚಿ ಒಂದೇ ಪೆನ್ನಿನ ಅಳತೆಗೆ ಹೊಲಿದುಕೊಡುತ್ತೇನೆ ಎಂದ. ಹೆಂಗಸರು ಹೆಂಡತಿಯನ್ನು ಯಾವ ಹೆಸರಿಂದಲೂ ಕರೆಯುವುದನ್ನು ಬಿಟ್ಟರು. ಭಾವಮೈದ ಬಂದು ತಲೆ ಕೆರೆದುಕೊಂಡ.

"ನಮ್ಮಲ್ಲಿ ಫಾರಂ ತುಂಬಿದ ಹನ್ನೊಂದು ಜನ ಕಾಣ್ತಿರಲಿಲ್ಲ ಭಾವ. ಮೇಲಿನ ಮಹಡಿಗೆ ಹೋಗಿದ್ದಾರೆ ಅಂದ್ಕೊಂಡಿದ್ದೆ. ಮೊನ್ನೆ ವಿಚಾರಿಸಿದೆ. ಆ ಕಟ್ಟಡಕ್ಕೆ ನಮ್ಮದೇ ಕೊನೇ ಮಹಡಿಯಂತೆ."

ಹೆಂಡತಿ ಮಾತ್ರ ಏನೂ ಅನ್ನಲಿಲ್ಲ. ಬೈದಿದ್ದರೆ ಕಂಟ್ರೋಲಪ್ಪನವರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವಳು ಬೈಯುವುದಕ್ಕೂ ಮನಸ್ಸಿಲ್ಲದವಳಂತೆ ಓಡಾಡುತ್ತಿದ್ದಳು, ಅದು ಅವರನ್ನು ಒಳಗೊಳಗೇ ತಿಂದಿತು.

ಆರು ತಿಂಗಳು ಕಳೆದವು. ಒಂದು ದಿನ ಮನೆಯ ನಲ್ಲಿಯಲ್ಲಿ ನೀರು ನಿಂತಿತು. ರಿಪೇರಿಯವನು ಬಂದು ನೆಲ ತಟ್ಟಿ ನೋಡಿ, ನಕ್ಷೆ ತನ್ನಿ, ಇಲ್ಲದಿದ್ದರೆ ಇಡೀ ಅಂಗಳ ಅಗೆಯಬೇಕಾಗುತ್ತದೆ ಎಂದ. ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋದರು. ಕಂಟ್ರೋಲಪ್ಪನವರು ಮೊದಲ ಬಾರಿಗೆ ಕೌಂಟರಿನ ಈಚೆ ಕಡೆ ಸಾಲಿನಲ್ಲಿ ನಿಂತರು. ಮುಂದೆ ಹದಿನಾಲ್ಕು ಜನರಿದ್ದರು. ಯಾರಿಗೂ ನಕ್ಷೆ ಸಿಗುತ್ತಿರಲಿಲ್ಲ. ಅದರಲ್ಲೇನೂ ವಿಶೇಷವಿಲ್ಲವೆಂಬಂತೆ ಎಲ್ಲರೂ ಬಂದು, ಕೇಳಿ, ಹೋಗುತ್ತಿದ್ದರು.

ಕೌಂಟರಿನಲ್ಲಿ ಹೊಸ ಸಹಾಯಕಿ. ಅವರ ಹಳೆಯ ಕಂಪ್ಯೂಟರೇ. ಬೀದಿಯ ಹೆಸರು ಹೇಳಿದರು. ಅವಳು ಹುಡುಕುವ ಜಾಗದಲ್ಲಿ ಬರೆದು ಒತ್ತಿದಳು.

"ಏನೂ ಬರ್ತಿಲ್ಲ ಸಾರ್."

"ಹಾಗೆ ಬರಲ್ಲಮ್ಮ. ಅದರ ಹೆಸರು 'ಇದೇ ಸರಿ 9'. ಅಲ್ಲ... 6 ಇರಬೇಕು. ಗಲ್ಲದ ಮೇಲಿತ್ತು. ಸ್ವಲ್ಪ ಈ ಕಡೆ ತಿರುಗಿಸು, ನಾನೇ ತೋರಿಸ್ತೀನಿ."

ಅವಳು ಅನುಮಾನದಿಂದ ಪರದೆಯನ್ನು ತಿರುಗಿಸಿದಳು. ಅದರ ಮೇಲೆ ಒಂದೇ ಒಂದು ಕಡತವೂ ಇರಲಿಲ್ಲ. ಕಂಟ್ರೋಲಪ್ಪನವರು ಹೋದ ಮರುದಿನವೇ ಕಚೇರಿಯವರು ಎಲ್ಲವನ್ನೂ ಗುಡಿಸಿ 'ಹಳೇದು' ಎಂಬ ಒಂದೇ ಫೋಲ್ಡರಿಗೆ ತುಂಬಿಬಿಟ್ಟಿದ್ದರು. ತೆರವಾದ ಪರದೆಯಲ್ಲಿ ಹೆಂಡತಿ ಕೂತಿದ್ದಳು. ಹಣೆ, ಮೂಗು, ಎರಡೂ ಕೆನ್ನೆ, ಗಲ್ಲ. ಕತ್ತು ಕೊಂಚ ಓರೆ ಮಾಡಿ, ನಗಲೋ ಬೇಡವೋ ಎನ್ನುವ ಹಾಗೆ.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇದು... ಯಾರಮ್ಮ?" ಕಂಟ್ರೋಲಪ್ಪನವರು ಕೇಳಿದರು.

"ಯಾರೋ ಗೊತ್ತಿಲ್ಲ ಸಾರ್. ಸಿಸ್ಟಮ್ ಜೊತೇನೇ ಬಂದಿರೋದು ಅನ್ಸುತ್ತೆ. ಕೆಲವಕ್ಕೆ ಬೆಟ್ಟ ಬರುತ್ತೆ, ಕೆಲವಕ್ಕೆ ಹೂವು ಬರುತ್ತೆ. ನಮ್ಮದಕ್ಕೆ ಇವರು ಬಂದಿದ್ದಾರೆ." ಅವಳು ನಕ್ಕಳು. "ನನಗೂ ದಿನಾ ನೋಡಿ ಬೇಜಾರಾಗಿತ್ತು ಸಾರ್. ನೀವು ಹೇಳಿದ್ದು ಒಳ್ಳೇದಾಯ್ತು, ತೆಗೆದೇಬಿಡ್ತೀನಿ."

ಎರಡು ಸಲ ಟಕ್ ಟಕ್ ಎಂದಿತು. ಮುಖ ಹೋಗಿ ಬರೀ ನೀಲಿ ಬಣ್ಣ ಬಂತು.

ಕೌಂಟರಿನ ಮರದ ಮೇಲಿದ್ದ ಕಂಟ್ರೋಲಪ್ಪನವರ ಎಡಗೈಯ ಕಿರುಬೆರಳು, ತೋರುಬೆರಳು ತಾವಾಗಿ ಒತ್ತಿಕೊಂಡವು. ಪರದೆ ನೀಲಿಯಾಗಿಯೇ ಇತ್ತು. ಅವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ಹೋದರು. ಅದನ್ನು ನೋಡುತ್ತಿದ್ದ ಹೆಂಡತಿ ಅವರ ಮಣಿಕಟ್ಟು ಹಿಡಿದು ಅಲ್ಲೇ ನಿಲ್ಲಿಸಿದಳು.

"ರೀ, ಇನ್ನೊಂದ್ಸಲ ಒತ್ತಿ ನೋಡಿ" ಎಂದಳು.

ಅವರು ಒತ್ತಿದರು. ಸಹಾಯಕಿ ಹಿಂದಿನವರನ್ನು ಮುಂದಕ್ಕೆ ಕರೆದಳು.